ಜಲಾಂತರ್ಗಾಮಿಯ ಬೇಟೆಯೂ ಒಳನಾಡಿನ ವ್ಯಾಪಾರಿಯ ಖಾತೆಯೂ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ವ್ಯಾಪಾರಸ್ಥರಿಗೆ ಸಮುದ್ರವೆಂದರೆ ಘಟ್ಟದಾಚೆಯ ಸಂಗತಿ. ಮಳೆ ಯಾವಾಗ ಬಂದೀತು, ಹತ್ತಿಯ ಧಾರಣೆ ಎಲ್ಲಿಗೆ ನಿಂತೀತು, ಶೇಂಗಾ ಎಷ್ಟು ಆವಕವಾದೀತು ಎಂಬ ಚಿಂತೆಯ ನಡುವೆ ಹಡಗು, ಬಂದರು, ನೌಕಾಯುದ್ಧಗಳ ಮಾತು ನಮಗೇಕೆ ಎಂದು ಕೇಳುವುದು ಸಹಜ. ನೇಕಾರಿಕೆಯ ಊರಾದ ಶಿಗ್ಲಿಯಲ್ಲಿ ಮಗ್ಗ ನಡೆಸುವವರಿಗೂ ನೂಲಿನ ದರ ಮುಖ್ಯವೇ ಹೊರತು ಅರಬ್ಬೀ ಸಮುದ್ರದ ಆಳವಲ್ಲ. ಆದರೆ ನೂಲು, ಬಣ್ಣ, ಹತ್ತಿ, ಎಣ್ಣೆ ಇವುಗಳ ದರ ನಮ್ಮ ಪೇಟೆಯಲ್ಲಿ ಮಾತ್ರ ನಿರ್ಧಾರವಾಗುವುದಿಲ್ಲ. ಸಮುದ್ರದ ಮೇಲೆ ಯುದ್ಧ ನಡೆದಾಗಲೆಲ್ಲ ಅದರ ಬಿಲ್ಲು ಒಳನಾಡಿಗೂ ಬಂದಿದೆ. ಆ ಬಿಲ್ಲು ಹೇಗೆ ತಯಾರಾಗುತ್ತದೆ, ಅದನ್ನು ಕಡೆಗೆ ಯಾರು ತೆರುತ್ತಾರೆ ಎಂಬುದನ್ನು ಎರಡನೆಯ ಮಹಾಯುದ್ಧದಲ್ಲಿ ನಮ್ಮ ಪಶ್ಚಿಮ ಕರಾವಳಿಯಾಚೆ ನಡೆದ ಒಂದು ಜಲಾಂತರ್ಗಾಮಿ ಗಸ್ತಿನ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಹತ್ತಿ ಕಲಿಸಿದ ಮೊದಲ ಪಾಠ

ನಮ್ಮ ಭಾಗಕ್ಕೆ ಈ ಪಾಠ ಹೊಸತೇನೂ ಅಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಉತ್ತರದ ಸರ್ಕಾರ ದಕ್ಷಿಣದ ಬಂದರುಗಳಿಗೆ ನೌಕಾ ದಿಗ್ಬಂಧನ ಹಾಕಿತು. ಅಮೆರಿಕದ ಹತ್ತಿಯನ್ನೇ ನಂಬಿದ್ದ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಆಗ ಅವರ ಕಣ್ಣು ಬಿದ್ದದ್ದು ಭಾರತದ ಮೇಲೆ. ಅಂದಿನ ಧಾರವಾಡ ಜಿಲ್ಲೆಯಲ್ಲಿ ಅದಾಗಲೇ ಅಮೆರಿಕದ ತಳಿಯ ಬೀಜದಿಂದ ಬೆಳೆಯುತ್ತಿದ್ದ ‘ಧಾರವಾಡ-ಅಮೆರಿಕನ್’ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಈ ಹತ್ತಿಯನ್ನು ಹಡಗಿಗೇರಿಸಲು ಕಾರವಾರ ಬಂದರನ್ನು ಬೆಳೆಸುವ ಯೋಜನೆಗಳಾದವು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿಯ ಲೆಕ್ಕಾಚಾರವಿತ್ತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು; ಮುಂಬಯಿಯ ದೊಡ್ಡ ದೊಡ್ಡ ಪೇಢಿಗಳು ಮುಳುಗಿದವು. ಸಾವಿರಾರು ಮೈಲಿ ದೂರದ ಒಂದು ದಿಗ್ಬಂಧನ ನಮ್ಮ ಎರೆಭೂಮಿಯ ರೈತನನ್ನೂ ದಲಾಲನನ್ನೂ ಮೊದಲು ಎತ್ತಿ, ಆಮೇಲೆ ಇಳಿಸಿತ್ತು.

ಮುಂದೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲುಮಾರ್ಗ ಗದಗ, ಹುಬ್ಬಳ್ಳಿ, ಲೋಂಡಾಗಳನ್ನು ಗೋವಾದ ಮಾರ್ಮಗೋವಾ ಬಂದರಿಗೆ ಜೋಡಿಸಿತು. ಅಲ್ಲಿಂದ ಮುಂದೆ ಗದಗಿನ ಹತ್ತಿ ಅಂಡಿಗೆಗೂ ಸಮುದ್ರಕ್ಕೂ ನೇರ ನಂಟು ಬೆಳೆಯಿತು.

ಬೇಟೆಯ ಗುರಿ ಹಡಗಲ್ಲ, ಲೆಕ್ಕ

ಇಪ್ಪತ್ತನೆಯ ಶತಮಾನದಲ್ಲಿ ದಿಗ್ಬಂಧನದ ಸ್ವರೂಪವೇ ಬದಲಾಯಿತು. ಬಂದರಿನ ಬಾಯಲ್ಲಿ ಯುದ್ಧನೌಕೆಗಳನ್ನು ಸಾಲಾಗಿ ನಿಲ್ಲಿಸುವ ಬದಲು ಜಲಾಂತರ್ಗಾಮಿಗಳನ್ನು ಸಮುದ್ರಮಾರ್ಗದಲ್ಲಿ ಹರಡಿ, ಒಂಟಿಯಾಗಿ ಸಾಗುವ ಸರಕು ಹಡಗುಗಳನ್ನು ಬೇಟೆಯಾಡುವ ಪದ್ಧತಿ ಬಂದಿತು. ಜರ್ಮನಿಯ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಕಾರ್ಲ್ ಡೋನಿಟ್ಸ್ ಇದನ್ನು ‘ಟನ್ನೇಜ್ ಯುದ್ಧ’ ಎಂದು ಕಂಡನು. ಅವನ ತರ್ಕ ಸರಳವಾಗಿತ್ತು. ಯಾವ ಹಡಗು, ಯಾವ ಸರಕು, ಯಾವ ಸಮುದ್ರ ಎಂಬುದು ಮುಖ್ಯವಲ್ಲ. ಶತ್ರು ಹೊಸದಾಗಿ ಕಟ್ಟುವುದಕ್ಕಿಂತ ಹೆಚ್ಚಿನ ಟನ್ನೇಜನ್ನು ಪ್ರತಿ ತಿಂಗಳೂ ಮುಳುಗಿಸಿದರೆ ಶತ್ರು ಸೋಲುತ್ತಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎದುರಾಳಿಯ ಖಾತೆಯಲ್ಲಿ ಜಮೆಗಿಂತ ಖರ್ಚನ್ನು ಸದಾ ಮೇಲಿಟ್ಟು ದಿವಾಳಿ ತೆಗೆಸುವ ಉಪಾಯವಿದು.

ಇಲ್ಲಿ ಒಂದು ಸ್ಪಷ್ಟನೆ ಅವಶ್ಯ. ಹಡಗಿನ ‘ಗ್ರಾಸ್ ಟನ್’ ಎಂಬುದು ತೂಕವಲ್ಲ, ಒಳಗಿನ ಜಾಗದ ಅಳತೆ. ಅಂದಿನ ರೂಢಿಯಲ್ಲಿ ನೂರು ಘನ ಅಡಿಗೆ ಒಂದು ಟನ್. ಏಳು ಸಾವಿರ ಟನ್ನಿನ ಹಡಗು ಸುಮಾರು ಎಂಟು, ಒಂಬತ್ತು ಸಾವಿರ ಟನ್ ತೂಕದ ಸರಕನ್ನೂ ಹೊರಬಲ್ಲದು. ಎಂಟು ಸಾವಿರ ಟನ್ ಎಂದೇ ಹಿಡಿದರೂ, ಹತ್ತು ಟನ್ ಹೇರುವ ಲಾರಿಗಳ ಲೆಕ್ಕದಲ್ಲಿ ಅದು ಎಂಟುನೂರು ಲಾರಿಗಳ ಮಾಲು. ಒಂದು ಟಾರ್ಪೆಡೊ ಅಷ್ಟನ್ನೂ ಕೆಲವೇ ನಿಮಿಷಗಳಲ್ಲಿ ಸಮುದ್ರದ ತಳಕ್ಕೆ ಕಳುಹಿಸಬಲ್ಲದಾಗಿತ್ತು.

ಆ ಕಾಲದ ಜಲಾಂತರ್ಗಾಮಿಯು ಸದಾ ನೀರಿನೊಳಗೇ ಇರುತ್ತಿತ್ತೆಂದು ಭಾವಿಸಬಾರದು. ನೀರಿನ ಮೇಲೆ ಡೀಸೆಲ್ ಯಂತ್ರದಿಂದ ಗಂಟೆಗೆ ಸುಮಾರು 18 ನಾಟಿಕಲ್ ಮೈಲಿ ಓಡುತ್ತಿದ್ದ ನೌಕೆ, ಮುಳುಗಿದಾಗ ಬ್ಯಾಟರಿಯ ಬಲದಿಂದ ಸುಮಾರು ಏಳು ಮೈಲಿಯಷ್ಟೇ ಓಡುತ್ತಿತ್ತು. ಅದೂ ಅಲ್ಪಕಾಲ ಮಾತ್ರ. ಸಾಮಾನ್ಯ ಸರಕು ಹಡಗಿನ ವೇಗ ಹತ್ತು ಮೈಲಿಯ ಆಸುಪಾಸು. ಆದಕಾರಣ ಹಗಲು ದೂರದಿಂದ ಹೊಗೆಯನ್ನು ಗುರುತಿಸಿ, ದಿಗಂತದ ಅಂಚಿನಲ್ಲಿ ಹಿಂಬಾಲಿಸಿ, ಮುಂದಕ್ಕೆ ಹೋಗಿ ಕಾದು, ರಾತ್ರಿಯಲ್ಲಿ ಹೊಡೆಯುವುದು ರೂಢಿಯ ಕ್ರಮವಾಗಿತ್ತು. ವಾರಗಟ್ಟಲೆ ಏನೂ ಕಾಣದ ಕಾಯುವಿಕೆ, ಬಳಿಕ ಕೆಲವು ನಿಮಿಷಗಳ ದಾಳಿ ಇದೇ ಗಸ್ತಿನ ಸ್ವರೂಪ.

ಮುಂಗಾರಿನ ಹೆಸರು ಹೊತ್ತ ಗುಂಪು

1942ರ ಜನವರಿಯ ಕೊನೆಯಲ್ಲಿ ಜಪಾನಿನ ಐ-64 ಜಲಾಂತರ್ಗಾಮಿಯು ಬಂಗಾಳ ಕೊಲ್ಲಿಯಲ್ಲಿ ಹಲವು ಹಡಗುಗಳನ್ನು ಮುಳುಗಿಸಿತ್ತು. ಅವುಗಳಲ್ಲಿ ‘ಜಲತರಂಗ್’ ಮತ್ತು ‘ಜಲಪಾಲಕ’ ಎಂಬ ಎರಡು ಹಡಗುಗಳು ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಗೆ ಸೇರಿದ್ದವು. ಬ್ರಿಟಿಷ್ ಕಂಪನಿಗಳ ಏಕಸ್ವಾಮ್ಯವನ್ನು ಎದುರಿಸಲು ವಾಲ್‌ಚಂದ್ ಹೀರಾಚಂದ್ ಮತ್ತು ನರೋತ್ತಮ್ ಮೊರಾರ್ಜಿ ಮೊದಲಾದ ಭಾರತೀಯ ಉದ್ಯಮಿಗಳು 1919ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಅದರ ಮೊದಲ ಹಡಗು ‘ಲಾಯಲ್ಟಿ’ 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಹೊರಟ ನೆನಪಿಗಾಗಿಯೇ ಆ ದಿನವನ್ನು ರಾಷ್ಟ್ರೀಯ ಸಾಗರಯಾನ ದಿನವೆಂದು ಆಚರಿಸಲಾಗುತ್ತದೆ.

1943ರ ಬೇಸಿಗೆಯ ಹೊತ್ತಿಗೆ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಗಳಿಗೆ ಭಾರಿ ಹೊಡೆತ ಬಿದ್ದಿತ್ತು. ಆದ್ದರಿಂದ ರಕ್ಷಣೆ ದುರ್ಬಲವಾಗಿದ್ದ ಹಿಂದೂ ಮಹಾಸಾಗರಕ್ಕೆ ಒಂದು ಗುಂಪನ್ನು ಕಳುಹಿಸಲಾಯಿತು. ನೈಋತ್ಯ ಮುಂಗಾರು ಮುಗಿಯುವ ಸಮಯಕ್ಕೆ ಅರಬ್ಬೀ ಸಮುದ್ರದಲ್ಲಿ ಏಕಾಏಕಿ ಕಾಣಿಸಿಕೊಳ್ಳಬೇಕೆಂಬ ಯೋಜನೆಯಾದ್ದರಿಂದ ಅದಕ್ಕೆ ‘ಮನ್ಸೂನ್ ಗುಂಪು’ ಎಂದೇ ಹೆಸರು. ನಾವು ಮುಂಗಾರನ್ನು ನೋಡಿ ಬಿತ್ತನೆಯ ಲೆಕ್ಕ ಹಾಕಿದರೆ, ಅವರು ಅದನ್ನು ನೋಡಿ ಬೇಟೆಯ ಲೆಕ್ಕ ಹಾಕಿದ್ದರು. ಹೊರಟ ನೌಕೆಗಳಲ್ಲಿ ಹಲವು ದಾರಿಯಲ್ಲೇ ನಾಶವಾದವು. ಹಿಂದೂ ಮಹಾಸಾಗರವನ್ನು ಮುಟ್ಟಿದವು ಐದು: ಯು-168, ಯು-183, ಯು-188, ಯು-532 ಮತ್ತು ಯು-533. ಮಾರಿಷಸ್ಸಿನ ಆಗ್ನೇಯಕ್ಕೆ ‘ಬ್ರಾಕೆ’ ಎಂಬ ಜರ್ಮನ್ ತೈಲ ಹಡಗಿನಿಂದ ಇಂಧನ ತುಂಬಿಸಿಕೊಂಡು ಅವು ಸೆಪ್ಟೆಂಬರಿನಲ್ಲಿ ಬೇರೆ ಬೇರೆ ದಿಕ್ಕಿಗೆ ಚದುರಿದವು.

ನಮ್ಮ ಕರಾವಳಿಗೆ ಹತ್ತಿರ ಬಂದದ್ದು ಓಟ್ಟೊಹೈನ್‌ರಿಷ್ ಯುಂಕರ್ ಎಂಬ ಅಧಿಕಾರಿಯ ನೇತೃತ್ವದ ಯು-532. ಅದು ಫ್ರಾನ್ಸಿನ ಲೋರಿಯಾಂ ಬಂದರನ್ನು 1943ರ ಜುಲೈ ಆರಂಭದಲ್ಲಿ ಬಿಟ್ಟಿತ್ತು. ಸೆಪ್ಟೆಂಬರ್ 19ರಂದು ಚಾಗೋಸ್ ದ್ವೀಪಗಳ ಕಡೆ ‘ಫೋರ್ಟ್ ಲಾಂಗೇಲ್’ ಎಂಬ ಸುಮಾರು 7,100 ಟನ್ನಿನ ಹಡಗನ್ನು ಮುಳುಗಿಸಿತು. ಸೆಪ್ಟೆಂಬರ್ 29ರಂದು ಸುಮಾರು 6,500 ಟನ್ನಿನ ‘ಬ್ಯಾನ್‌ಫ್‌ಷೈರ್’, ಅಕ್ಟೋಬರ್ 1ರಂದು ಸುಮಾರು 7,300 ಟನ್ನಿನ ‘ತಹಸಿನಿಯಾ’ ಲಕ್ಷದ್ವೀಪ, ಮಾಲ್ಡೀವ್ಸ್ ಆಸುಪಾಸಿನ ಸಮುದ್ರದಲ್ಲಿ ಮುಳುಗಿದವು. ಅಕ್ಟೋಬರ್ 11ರಂದು ಮಂಗಳೂರಿನಿಂದ ದಕ್ಷಿಣಕ್ಕೆ, ಮಲಬಾರ್ ಕರಾವಳಿಯಾಚೆ, ಸಿಂಧಿಯಾ ಕಂಪನಿಯ ಸುಮಾರು 3,600 ಟನ್ನಿನ ‘ಜಲಬಾಲಾ’ ಬಲಿಯಾಯಿತು. ಅಕ್ಟೋಬರ್ 20ರಂದು ‘ಬ್ರಿಟಿಷ್ ಪರ್ಪಸ್’ ಎಂಬ ತೈಲ ಹಡಗು ಟಾರ್ಪೆಡೊ ಏಟು ತಿಂದರೂ ಮುಳುಗಲಿಲ್ಲ. ತಿಂಗಳ ಕೊನೆಗೆ ಯು-532 ಜಪಾನಿನ ವಶದಲ್ಲಿದ್ದ ಮಲಯದ ಪೆನಾಂಗ್ ಬಂದರನ್ನು ಸೇರಿತು.

ಗುಂಪಿನ ಒಟ್ಟು ಲೆಕ್ಕ ತೆಗೆದರೆ ಜರ್ಮನಿಗೆ ಇದು ಲಾಭದ ಬಾಬತ್ತೇನೂ ಆಗಿರಲಿಲ್ಲ. ಯು-168 ಮುಂಬಯಿಯ ಕಡಲಾಚೆ ‘ಹೈಚಿಂಗ್’ ಎಂಬ ಒಂದು ಸಣ್ಣ ಹಡಗನ್ನೂ ಕೆಲವು ಹಾಯಿದೋಣಿಗಳನ್ನೂ ಮುಳುಗಿಸಿತು. ಯು-183ಕ್ಕೆ ಆ ಗಸ್ತಿನಲ್ಲಿ ಏನೂ ದಕ್ಕಲಿಲ್ಲ. ಯು-533 ಅಕ್ಟೋಬರ್ 16ರಂದು ಓಮನ್ ಕೊಲ್ಲಿಯಲ್ಲಿ ವಿಮಾನದಾಳಿಗೆ ಸಿಕ್ಕಿ ಮುಳುಗಿತು. ಅದರ ಸಿಬ್ಬಂದಿಯಲ್ಲಿ ಬದುಕಿ ಉಳಿದವನು ಒಬ್ಬನೇ.

ಲೆಕ್ಕಕ್ಕೆ ಬಾರದ ಜೀವಗಳು

ಮುಳುಗಿದ ಹಡಗಿನ ಪಟ್ಟಿಯಲ್ಲಿ ಟನ್ನೇಜ್ ಬರೆಯುತ್ತಾರೆ. ಆದರೆ ಅಂದಿನ ಬ್ರಿಟಿಷ್ ವ್ಯಾಪಾರಿ ಹಡಗುಗಳ ಯಂತ್ರದ ಕೋಣೆಯಲ್ಲಿ, ಕಲ್ಲಿದ್ದಲಿನ ಕುಲುಮೆಯ ಮುಂದೆ, ಅಡುಗೆಮನೆಯಲ್ಲಿ ದುಡಿಯುತ್ತಿದ್ದವರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಭಾರತ ಉಪಖಂಡದವರು. ಅವರನ್ನು ಲಸ್ಕರರೆಂದು ಕರೆಯುತ್ತಿದ್ದರು. ಬಂಗಾಳ, ಗೋವಾ, ಕೊಂಕಣ, ಗುಜರಾತಿನ ಕಡೆಯವರೇ ಹೆಚ್ಚು. ಅವರ ಕೂಲಿ ಬಿಳಿಯ ನಾವಿಕನ ಕೂಲಿಯ ಒಂದು ಅಂಶ ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಅವರಲ್ಲಿ 6,000ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು.

‘ಫೋರ್ಟ್ ಲಾಂಗೇಲ್’ ಹಡಗಿನ ಕಥೆ ಇದಕ್ಕೆ ಸಾಕ್ಷಿ. ಅದರ ಸಿಬ್ಬಂದಿಯಲ್ಲಿ ಜೀವಂತ ಉಳಿದವರು ಇಬ್ಬರೇ. ಇಬ್ಬರೂ ಭಾರತೀಯ ನಾವಿಕರು. ತೆಪ್ಪವೊಂದರ ಮೇಲೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ತೇಲುತ್ತ, 1944ರ ಫೆಬ್ರುವರಿ ಆರಂಭದಲ್ಲಿ ಅವರು ಸುಮಾತ್ರಾದ ಬಳಿಯ ದ್ವೀಪವೊಂದನ್ನು ಮುಟ್ಟಿದರು. ಅಲ್ಲಿ ಅವರನ್ನು ಜಪಾನಿಯರು ಸೆರೆಹಿಡಿದರು. ಹಿಂದೂ ಮಹಾಸಾಗರದಲ್ಲಿ ತೆಪ್ಪದ ಮೇಲೆ ಇಷ್ಟು ದೂರ ಸಾಗಿದ ಈ ಇಬ್ಬರ ಸಾಹಸ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ವ್ಯಾಪಾರಿ ಹಡಗನ್ನು ಮುಳುಗಿಸುವ ಮುನ್ನ ಅದರ ಸಿಬ್ಬಂದಿಯನ್ನೂ ಕಾಗದಪತ್ರಗಳನ್ನೂ ಸುರಕ್ಷಿತ ಸ್ಥಳಕ್ಕೆ ಸೇರಿಸಬೇಕೆಂದು 1936ರ ಲಂಡನ್ ಒಪ್ಪಂದ ವಿಧಿಸಿತ್ತು. ಜರ್ಮನಿಯೂ ಅದನ್ನು ಒಪ್ಪಿತ್ತು. ಯುದ್ಧ ಮುಂದುವರಿದಂತೆ ಆ ಕರಾರು ಎಲ್ಲ ಪಕ್ಷಗಳ ಕೈಯಲ್ಲೂ ಕಾಗದದ ಮೇಲಷ್ಟೇ ಉಳಿಯಿತು. ಜಾರಿ ಮಾಡುವವರಿಲ್ಲದ ಕರಾರಿಗೆ ಎಷ್ಟು ಬೆಲೆ ಎಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾರ್ಮಗೋವಾದ ರೇಡಿಯೊ

ನಮ್ಮ ಹತ್ತಿಯ ಬಂದರಾದ ಮಾರ್ಮಗೋವಾ ಕೂಡ ಈ ಬೇಟೆಯ ಕಥೆಯಲ್ಲಿ ಬರುತ್ತದೆ. ಗೋವಾ ಆಗ ಪೋರ್ಚುಗಲ್ಲಿನ ಅಧೀನದಲ್ಲಿತ್ತು. ಪೋರ್ಚುಗಲ್ ಯುದ್ಧದಲ್ಲಿ ತಟಸ್ಥ. ಯುದ್ಧ ಆರಂಭವಾದಾಗ ಜರ್ಮನಿಯ ‘ಎಹ್ರೆನ್‌ಫೆಲ್ಸ್’, ‘ಡ್ರಾಖೆನ್‌ಫೆಲ್ಸ್’, ‘ಬ್ರೌನ್‌ಫೆಲ್ಸ್’ ಎಂಬ ಸರಕು ಹಡಗುಗಳು ಆ ಬಂದರಿನಲ್ಲಿ ಆಶ್ರಯ ಪಡೆದಿದ್ದವು. ಎಹ್ರೆನ್‌ಫೆಲ್ಸ್‌ನಲ್ಲಿದ್ದ ಗುಪ್ತ ರೇಡಿಯೊ ಮೂಲಕ ಹಡಗುಗಳ ಓಡಾಟದ ಸುದ್ದಿ ಜಲಾಂತರ್ಗಾಮಿಗಳಿಗೆ ತಲುಪುತ್ತಿದೆ ಎಂದು ಬ್ರಿಟಿಷರು ನಂಬಿದರು. ತಟಸ್ಥ ಬಂದರಿಗೆ ಸೈನ್ಯ ಕಳುಹಿಸುವಂತಿರಲಿಲ್ಲ. ಆದ್ದರಿಂದ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ಪಡೆಯವರನ್ನು ಆರಿಸಲಾಯಿತು. ಇವರಲ್ಲಿ ಹೆಚ್ಚಿನವರು ಕಲ್ಕತ್ತೆಯ ವ್ಯಾಪಾರಿ ಕಂಪನಿಗಳ ಮಧ್ಯವಯಸ್ಸಿನ ಅಧಿಕಾರಿಗಳು. 1943ರ ಮಾರ್ಚ್ 9ರ ನಸುಕಿನಲ್ಲಿ ‘ಫೀಬಿ’ ಎಂಬ ಹೂಳೆತ್ತುವ ದೋಣಿಯಲ್ಲಿ ಬಂದು ಅವರು ಎಹ್ರೆನ್‌ಫೆಲ್ಸ್ ಮೇಲೆ ಎರಗಿದರು. ಹಡಗುಗಳು ವೈರಿಯ ಕೈಗೆ ಸಿಗಬಾರದೆಂದು ಅವುಗಳ ಸಿಬ್ಬಂದಿಯೇ ಬೆಂಕಿ ಹಚ್ಚಿ ಮುಳುಗಿಸಿದರು. 1978ರಲ್ಲಿ ಜೇಮ್ಸ್ ಲೀಸರ್ ಬರೆದ ಪುಸ್ತಕ, 1980ರಲ್ಲಿ ಬಂದ ‘ದ ಸೀ ವುಲ್ವ್ಸ್’ ಚಲನಚಿತ್ರಗಳಿಂದ ಈ ಸಂಗತಿ ಜಗತ್ತಿಗೆ ತಿಳಿಯಿತು. ಆದರೂ ಮುಳುಗಡೆಗೆ ಆ ಒಂದು ರೇಡಿಯೊ ಮಾತ್ರ ಕಾರಣವೆನ್ನಲಾಗದು. ಮನ್ಸೂನ್ ಗುಂಪು ನಮ್ಮ ಕಡಲಿಗೆ ಬಂದದ್ದು ಈ ದಾಳಿಯಾಗಿ ಆರು ತಿಂಗಳ ಬಳಿಕ ಎಂಬುದನ್ನು ಗಮನಿಸಬೇಕು.

ಬಿಲ್ಲು ಒಳನಾಡಿಗೆ ಬಂದ ಬಗೆ

ಈಗ ಮೂಲ ಪ್ರಶ್ನೆಗೆ ಬರೋಣ. ಒಂದು ಗಸ್ತಿನಲ್ಲಿ ನಾಲ್ಕು ಹಡಗು ಮುಳುಗಿದರೆ, ಸುರಕ್ಷಿತವಾಗಿ ತಲುಪಿದ ನೂರಾರು ಹಡಗುಗಳಿಗೇನು? ಉತ್ತರವಿಷ್ಟೇ: ನೂರರಲ್ಲಿ ಒಂದು ಮುಳುಗಿದರೂ ದಂಡ ತೆರುವುದು ನೂರೂ ಹಡಗು. ವಿಮೆಯ ಕಂತು ಎಲ್ಲರಿಗೂ ಏರುತ್ತದೆ. ಎಲ್ಲರೂ ಸುತ್ತುದಾರಿ ಹಿಡಿಯುತ್ತಾರೆ. ಎಲ್ಲರೂ ಬೆಂಗಾವಲಿಗಾಗಿ ಬಂದರಿನಲ್ಲಿ ಕಾಯುತ್ತಾರೆ. ವರ್ಷಕ್ಕೆ ಆರು ಸಲ ಹೋಗಿಬರುತ್ತಿದ್ದ ಹಡಗು ನಾಲ್ಕೇ ಸಲ ಹೋಗಿಬಂದರೆ, ಒಂದೂ ಹಡಗು ಮುಳುಗದೆ ಮೂರನೆಯ ಒಂದು ಭಾಗದ ಟನ್ನೇಜ್ ಮಾಯವಾದಂತೆಯೇ. ಜಲಾಂತರ್ಗಾಮಿಯ ದೊಡ್ಡ ಗೆಲುವು ಮುಳುಗಿದ ಹಡಗಿಗಿಂತ ಹೆಚ್ಚಾಗಿ ಹೆದರಿದ ಹಡಗಿನಲ್ಲಿತ್ತು.

ಅಟ್ಲಾಂಟಿಕ್‌ನಲ್ಲಿ ಹಡಗುಗಳು ಮುಳುಗಿ ಟನ್ನೇಜಿಗೆ ಅಭಾವ ಬಂದಾಗ, 1943ರ ಆರಂಭದಲ್ಲಿ ಬ್ರಿಟನ್ನಿನ ಚರ್ಚಿಲ್ ಸರ್ಕಾರ ಹಿಂದೂ ಮಹಾಸಾಗರದ ಕಡೆಗೆ ಬರುವ ಹಡಗುಗಳ ಸಂಖ್ಯೆಯನ್ನು ಅರ್ಧಕ್ಕಿಂತಲೂ ಕೆಳಗಿಳಿಸಿತು. ಬರ್ಮಾದ ಅಕ್ಕಿ 1942ರಲ್ಲೇ ನಿಂತುಹೋಗಿತ್ತು. ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತ ವರ್ಷವದು. ನಮ್ಮ ನೆರೆಯ ವಿಜಾಪುರ ಜಿಲ್ಲೆಯೂ 1942-43ರಲ್ಲಿ ಬರಗಾಲದಿಂದ ತತ್ತರಿಸಿತ್ತು. ಧಾನ್ಯ ಕಳುಹಿಸಿರೆಂದು ಭಾರತದಿಂದ ಹೋದ ಮನವಿಗಳಿಗೆ ಲಂಡನ್ನಿನಿಂದ ಬಂದ ಉತ್ತರ, ಹಡಗುಗಳಿಲ್ಲ ಎಂಬುದು. ಕ್ಷಾಮಕ್ಕೆ ಕಾರಣಗಳು ಹಲವು. ಹಡಗುಗಳನ್ನು ಯಾವ ಕಡೆಗೆ ಕಳುಹಿಸಬೇಕೆಂಬ ಆಯ್ಕೆಯೂ ಅವುಗಳಲ್ಲೊಂದು. ಸಮುದ್ರವನ್ನೇ ಕಾಣದ ಜನ ಸಮುದ್ರದ ನಷ್ಟಕ್ಕೆ ಪ್ರಾಣದ ಬೆಲೆ ತೆತ್ತರು.

ಕೈಮಗ್ಗದ ಮೇಲೂ ಪೆಟ್ಟು ಬಿದ್ದಿತು. ಯುದ್ಧಕ್ಕೆ ಮುನ್ನ ಬಣ್ಣಗಳು ಬಹುಪಾಲು ಜರ್ಮನಿ, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್‌ಗಳಿಂದ ಬರುತ್ತಿದ್ದವು. ಅವು ದುರ್ಲಭವಾದವು. ಗಿರಣಿಗಳು ಸೈನ್ಯದ ಬಟ್ಟೆಗೆ ತೊಡಗಿದ್ದರಿಂದ ನೇಕಾರನಿಗೆ ನೂಲು ಸಾಲದಾಯಿತು. ದರ ಏರಿ, ಕಾಳಸಂತೆ ಬೆಳೆದು, ಕೊನೆಗೆ ಸರ್ಕಾರ 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲು ನಿಯಂತ್ರಣ ಆಜ್ಞೆಯನ್ನು ಹೊರಡಿಸಿತು. ಖಾಸಗಿ ವಿಮಾ ಕಂಪನಿಗಳು ನೆಲದ ಮೇಲಿನ ಸರಕಿಗೆ ಯುದ್ಧದ ಅಪಾಯವನ್ನು ಹೊರಲು ಒಪ್ಪದ ಕಾರಣ, ವ್ಯಾಪಾರಿ ದಾಸ್ತಾನಿಗೆ 1940ರಲ್ಲಿಯೂ ಕಾರ್ಖಾನೆಗಳಿಗೆ 1942ರಲ್ಲಿಯೂ ಸುಗ್ರೀವಾಜ್ಞೆಯ ಮೂಲಕ ಸರ್ಕಾರವೇ ಯುದ್ಧಾಪಾಯ ವಿಮೆಯನ್ನು ಜಾರಿಗೆ ತಂದಿತು. ಸ್ವತಂತ್ರ ಭಾರತದಲ್ಲಿ 1962 ಮತ್ತು 1971ರ ತುರ್ತು ಪರಿಸ್ಥಿತಿಗಳಲ್ಲಿ ಬಂದ ತುರ್ತು ಅಪಾಯ ವಿಮಾ ಕಾಯಿದೆಗಳಿಗೂ ಇದೇ ಮೇಲ್ಪಂಕ್ತಿ.

ತಪ್ಪು ಶೀರ್ಷಿಕೆಯಡಿ ಬರೆದ ಲೆಕ್ಕ

ಈ ಬೇಟೆಗೆ ಪರಿಹಾರ ಸಿಕ್ಕ ಬಗೆಯೂ ಲೆಕ್ಕಪತ್ರದವರಿಗೆ ಆಸಕ್ತಿಯ ವಿಷಯ. ಅದು ಮೊದಲನೆಯ ಮಹಾಯುದ್ಧದ ಕಾಲ. 1917ರ ಏಪ್ರಿಲಿನಲ್ಲಿ ಬ್ರಿಟನ್ನಿನಿಂದ ದೂರ ಸಾಗರಕ್ಕೆ ಹೊರಟ ನಾಲ್ಕು ಹಡಗುಗಳಲ್ಲಿ ಸುಮಾರು ಒಂದು ಮರಳಿ ಬರುತ್ತಿರಲಿಲ್ಲ. ಹಡಗುಗಳನ್ನು ಗುಂಪುಗೂಡಿಸಿ, ಯುದ್ಧನೌಕೆಗಳ ಬೆಂಗಾವಲಿನಲ್ಲಿ ಕಳುಹಿಸಬಾರದೇಕೆ ಎಂದು ಕೆಲವರು ಕೇಳಿದರು. ವಾರಕ್ಕೆ 2,500 ಹಡಗುಗಳು ಬರುತ್ತವೆ, ಅಷ್ಟೇ ಹೋಗುತ್ತವೆ, ಇಷ್ಟಕ್ಕೆಲ್ಲ ಬೆಂಗಾವಲು ಸಾಧ್ಯವಿಲ್ಲ ಎಂಬುದು ನೌಕಾಖಾತೆಯ ಉತ್ತರವಾಗಿತ್ತು.

ರೆಜಿನಾಲ್ಡ್ ಹೆಂಡರ್ಸನ್ ಎಂಬ ಕಿರಿಯ ಅಧಿಕಾರಿ ಆ ಅಂಕಿಗಳನ್ನು ಬಿಡಿಸಿ ನೋಡಿದನು. ಒಂದು ಬಂದರಿನಿಂದ ಪಕ್ಕದ ಬಂದರಿಗೆ ಹೋಗುವ ಸಣ್ಣಪುಟ್ಟ ದೋಣಿಗಳೂ ಆ 2,500ರಲ್ಲಿ ಸೇರಿದ್ದವು. ಸಾಗರ ದಾಟಿ ಬರುವ ನಿಜವಾದ ಹಡಗುಗಳು ವಾರಕ್ಕೆ 120ರಿಂದ 140 ಮಾತ್ರ. ಬೇರೆ ಬೇರೆ ಬಾಬತ್ತುಗಳನ್ನು ಒಂದೇ ಶೀರ್ಷಿಕೆಯಡಿ ಕೂಡಿಸಿದ ಲೆಕ್ಕವು ಒಂದು ದೇಶವನ್ನು ಉಪವಾಸದ ಅಂಚಿಗೆ ತಂದಿತ್ತು. ಬೆಂಗಾವಲು ಪದ್ಧತಿ ಜಾರಿಗೆ ಬಂದ ಮೇಲೆ ನಷ್ಟ ಗಣನೀಯವಾಗಿ ಇಳಿಯಿತು.

ಅದು ಇಳಿಯಲು ಕಾರಣ ಬೆಂಗಾವಲಿನ ಫಿರಂಗಿ ಮಾತ್ರವಲ್ಲ. ವಿಶಾಲ ಸಮುದ್ರದಲ್ಲಿ ಐವತ್ತು ಹಡಗುಗಳ ಗುಂಪು ಒಂಟಿ ಹಡಗಿಗಿಂತ ಹೆಚ್ಚೇನೂ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಐವತ್ತು ಒಂಟಿ ಹಡಗುಗಳಾದರೆ ಬೇಟೆಗಾರನಿಗೆ ಐವತ್ತು ಅವಕಾಶ; ಒಂದೇ ಗುಂಪಾದರೆ ಒಂದೇ ಅವಕಾಶ. ಎರಡನೆಯ ಮಹಾಯುದ್ಧದಲ್ಲಿ ವಿಜ್ಞಾನಿ ಬ್ಲ್ಯಾಕೆಟ್ ಮತ್ತು ಅವರ ತಂಡದವರು ದೊಡ್ಡ ಗುಂಪು ಸಣ್ಣ ಗುಂಪಿಗಿಂತ ಸುರಕ್ಷಿತವೆಂದು ಅಂಕಿಅಂಶಗಳಿಂದಲೇ ತೋರಿಸಿದರು. ಜಪಾನ್ ಈ ಪಾಠವನ್ನು ತಡವಾಗಿ ಕಲಿಯಿತು. ಅದರ ನಷ್ಟವಾದ ವ್ಯಾಪಾರಿ ಟನ್ನೇಜಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಮೆರಿಕದ ಜಲಾಂತರ್ಗಾಮಿಗಳೇ ಮುಳುಗಿಸಿದವು. ತೈಲವೂ ಕಚ್ಚಾವಸ್ತುವೂ ಇಲ್ಲದೆ ಅದರ ಕಾರ್ಖಾನೆಗಳು ಸೊರಗಿದವು.

ಯು-532ರ ಕೊನೆಯೂ ಗಮನಾರ್ಹ. ಮೇಲ್ಮೈ ಹಡಗುಗಳಿಗೆ ಯೂರೋಪಿನ ದಾರಿ ಮುಚ್ಚಿದ ಮೇಲೆ, ಜಪಾನಿನ ವಶದಲ್ಲಿದ್ದ ಪ್ರದೇಶದಿಂದ ಜರ್ಮನಿಗೆ ಮಾಲು ಸಾಗಿಸುವ ಕೆಲಸ ಅದರ ಪಾಲಿಗೆ ಬಂದಿತು. 1945ರ ಮೇ ತಿಂಗಳಲ್ಲಿ ಅದು ಬ್ರಿಟಿಷರಿಗೆ ಶರಣಾದಾಗ ಅದರೊಳಗೆ ನೂರಕ್ಕೂ ಹೆಚ್ಚು ಟನ್ ತವರ, ಜೊತೆಗೆ ರಬ್ಬರ್ ಮತ್ತು ಟಂಗ್‌ಸ್ಟನ್ ಅದಿರು ಇದ್ದವು. ಸರಕು ಹಡಗುಗಳನ್ನು ಬೇಟೆಯಾಡಿದ ನೌಕೆ ಕಡೆಗೆ ತಾನೇ ಸರಕು ಹಡಗಾಗಿ ವೈರಿಯ ಬಂದರಿಗೆ ಬಂದು ನಿಂತಿತು.

ಇಂದಿನ ವ್ಯಾಪಾರಿ ಗಮನಿಸಬೇಕಾದದ್ದು

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ನವಮಂಗಳೂರು ಬಂದರಿಗೆ ಕಚ್ಚಾ ತೈಲ ತರುತ್ತಿದ್ದ ‘ಕೆಮ್ ಪ್ಲೂಟೊ’ ಹಡಗಿಗೆ ಪೋರಬಂದರಿನಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಬಡಿಯಿತು. ಅದರಲ್ಲಿದ್ದ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿಗಳು ಆರಂಭಿಸಿದ ದಾಳಿಗಳಿಂದ ಅನೇಕ ಹಡಗು ಕಂಪನಿಗಳು ಸುಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕವನ್ನು ಸುತ್ತಿದವು. ಯೂರೋಪಿನ ಪ್ರಯಾಣಕ್ಕೆ ಸುಮಾರು ಹತ್ತರಿಂದ ಹದಿನಾಲ್ಕು ದಿನ ಹೆಚ್ಚಾಯಿತು. ಜಲಾಂತರ್ಗಾಮಿಯ ಬದಲು ಡ್ರೋನ್ ಬಂದಿದೆ, ಲೆಕ್ಕ ಹಳೆಯದೇ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಹತ್ತು ಲಕ್ಷ ರೂಪಾಯಿಯ ಮಾಲು ಕಳುಹಿಸುವ ವ್ಯಾಪಾರಿಗೆ ಶೇಕಡಾ 4ರ ಲಾಭ, ಅಂದರೆ 40,000 ರೂಪಾಯಿ, ಸಿಗುತ್ತದೆ ಎಂದಿಟ್ಟುಕೊಳ್ಳಿ. ಯುದ್ಧಾಪಾಯದ ಕಂತು ಶೇಕಡಾ 0.05 ಇದ್ದಾಗ ಖರ್ಚು 500 ರೂಪಾಯಿ. ಅದು ಶೇಕಡಾ 1ಕ್ಕೆ ಏರಿದರೆ 10,000 ರೂಪಾಯಿ. ಮಾಲು ಹದಿನಾಲ್ಕು ದಿನ ತಡವಾದರೆ ಶೇಕಡಾ 12ರ ದರದಲ್ಲಿ ಬ್ಯಾಂಕಿನ ಬಡ್ಡಿ ಸುಮಾರು 4,600 ರೂಪಾಯಿ. ಸಾಗಣೆ ಬಾಡಿಗೆಯ ಏರಿಕೆ ಇನ್ನೂ ಬೇರೆ. ಒಂದು ತುಂಡು ಮಾಲೂ ಹಾಳಾಗದೆ ಲಾಭದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕರಗಿಹೋಯಿತು.

ಮೆಣಸಿನಕಾಯಿ, ಬಟ್ಟೆ, ಯಂತ್ರದ ಬಿಡಿಭಾಗ ಏನನ್ನೇ ರಫ್ತು ಮಾಡಲಿ, ಬಣ್ಣ, ರಾಸಾಯನಿಕ, ನೂಲು ಏನನ್ನೇ ತರಿಸಲಿ, ನಮ್ಮ ಸದಸ್ಯರು ಈ ಕೆಳಗಿನ ಸಂಗತಿಗಳನ್ನು ತಮ್ಮ ಕಡತ ತೆಗೆದು ಪರಿಶೀಲಿಸುವುದು ಒಳಿತು.

1. ಸಾಗಣೆ ವಿಮೆಯಲ್ಲಿ ಬಹುವಾಗಿ ಬಳಕೆಯಲ್ಲಿರುವ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್‌ನಲ್ಲಿ, ಎಲ್ಲ ಅಪಾಯಗಳನ್ನೂ ಒಳಗೊಳ್ಳುತ್ತದೆ ಎನ್ನುವ ‘ಎ’ ವರ್ಗದಲ್ಲೂ, ಯುದ್ಧಾಪಾಯ ಸೇರಿರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಕೇಳಿ, ಪ್ರತ್ಯೇಕ ಕಂತು ಕಟ್ಟಿ ಸೇರಿಸಿಕೊಳ್ಳಬೇಕು.

2. ಯುದ್ಧಾಪಾಯದ ರಕ್ಷಣೆ ಸಾಮಾನ್ಯವಾಗಿ ಮಾಲು ಸಾಗರದ ಹಡಗಿನ ಮೇಲಿರುವಾಗ ಮಾತ್ರ. ಗೋದಾಮಿನಲ್ಲಿ, ಲಾರಿಯಲ್ಲಿ ಇರುವ ಮಾಲಿಗೆ ಅದು ಅನ್ವಯಿಸುವುದಿಲ್ಲ. ಅಲ್ಪಾವಧಿಯ ನೋಟೀಸು ಕೊಟ್ಟು ಆ ರಕ್ಷಣೆಯನ್ನು ರದ್ದುಪಡಿಸುವ ಹಕ್ಕೂ ವಿಮಾ ಕಂಪನಿಗೆ ಇರುತ್ತದೆ.

3. ವಿಳಂಬದಿಂದಾದ ನಷ್ಟ ವಿಮೆಗೆ ಒಳಪಡುವುದಿಲ್ಲ. ಹಬ್ಬದ ಸುಗ್ಗಿ ಮುಗಿದ ಮೇಲೆ ಮಾಲು ತಲುಪಿದರೆ ಆ ನಷ್ಟ ವ್ಯಾಪಾರಿಯದೇ. ಆದಕಾರಣ ಕರಾರಿನಲ್ಲಿ ತಲುಪಿಸುವ ದಿನಾಂಕ ಬರೆಯುವಾಗ ಸುತ್ತುದಾರಿಯ ದಿನಗಳಿಗೂ ಅವಕಾಶವಿರಲಿ.

4. ಸಿಐಎಫ್ ಕರಾರಿನಲ್ಲಿ ಮಾರುವವನು ಕನಿಷ್ಠ ಮಟ್ಟದ ವಿಮೆ ಕೊಟ್ಟರೆ ಸಾಕೆಂದು ಇನ್‌ಕೋಟರ್ಮ್ಸ್ 2020 ಹೇಳುತ್ತದೆ. ಮಾಲು ತರಿಸುವವರು ವಿಮೆ ಇದೆಯೆಂದು ನಿಶ್ಚಿಂತರಾಗದೆ, ಯಾವ ವರ್ಗದ ವಿಮೆ, ಯುದ್ಧಾಪಾಯ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ರಫ್ತುದಾರರು, ಪ್ರಯಾಣ ತಡೆಯಾಗಿಯೋ ಮಾರ್ಗ ಬದಲಾಗಿಯೋ ಬೀಳುವ ಹೆಚ್ಚುವರಿ ಸಾಗಣೆ ವೆಚ್ಚಕ್ಕೆ ಇಸಿಜಿಸಿ ಪಾಲಿಸಿಯಲ್ಲಿ ಎಷ್ಟು ರಕ್ಷಣೆ ಇದೆಯೆಂದು ವಿಚಾರಿಸಬೇಕು.

5. ಹಡಗನ್ನು ಉಳಿಸಲು ಮಾಡಿದ ವೆಚ್ಚವನ್ನೂ ಅದಕ್ಕಾಗಿ ತ್ಯಾಗ ಮಾಡಿದ ಸರಕಿನ ನಷ್ಟವನ್ನೂ ಎಲ್ಲ ಸರಕಿನ ಮಾಲೀಕರು ಪಾಲು ಹಂಚಿಕೊಳ್ಳಬೇಕೆಂಬ ‘ಜನರಲ್ ಅವರೇಜ್’ ನಿಯಮ ಇಂದಿಗೂ ಜಾರಿಯಲ್ಲಿದೆ. ನಿಮ್ಮ ಮಾಲು ಸುರಕ್ಷಿತವಾಗಿದ್ದರೂ ಆ ಪಾಲಿಗೆ ಭದ್ರತೆ ಕೊಡದ ಹೊರತು ಮಾಲು ಕೈಗೆ ಸಿಗುವುದಿಲ್ಲ. ವಿಮೆ ಇಲ್ಲದವನಿಗೆ ಈ ಹೊರೆ ನೇರವಾಗಿ ಬೀಳುತ್ತದೆ.

ಕೊನೆಯದಾಗಿ ಬೆಂಗಾವಲಿನ ಪಾಠ. ಸಣ್ಣ ವ್ಯಾಪಾರಿ ಒಂಟಿಯಾಗಿ ಒಂದು ಅರ್ಧ ಕಂಟೇನರ್ ಮಾಲಿಗೆ ವಿಮೆ, ಬಾಡಿಗೆ, ಕರಾರುಗಳನ್ನು ಚೌಕಾಸಿ ಮಾಡಲಾರ. ಹತ್ತು ಮಂದಿ ಸೇರಿ ಒಂದೇ ಕಂಟೇನರಿನಲ್ಲಿ ಮಾಲು ಕಳುಹಿಸಿದರೆ, ಒಬ್ಬನೇ ತಿಳಿವಳಿಕಸ್ಥ ವಿಮಾ ದಲ್ಲಾಳಿಯ ಮೂಲಕ ಮಾತುಕತೆ ನಡೆಸಿದರೆ, ದರವೂ ಇಳಿದೀತು, ಷರತ್ತುಗಳೂ ಸ್ಪಷ್ಟವಾದೀತು. ವಾಣಿಜ್ಯೋದ್ಯಮ ಸಂಸ್ಥೆಗಳಿರುವುದು ಇಂತಹ ಕೆಲಸಕ್ಕೇ. ಒಂಟಿಯಾಗಿ ಸಾಗಿದ ‘ಜಲಬಾಲಾ’ ನಮ್ಮ ಕರಾವಳಿಯಾಚೆ ಮುಳುಗಿತು; ಗುಂಪಾಗಿ ಸಾಗಿದ ಹಡಗುಗಳಲ್ಲಿ ಬಹುಪಾಲು ದಡ ಸೇರಿದವು. ಸಮುದ್ರ ಘಟ್ಟದಾಚೆ ಇದ್ದರೂ ಅದರ ಬಿಲ್ಲು ನಮ್ಮ ಅಂಗಡಿಯ ಬಾಗಿಲಿಗೇ ಬರುತ್ತದೆ. ಅದು ಬರುವ ಮೊದಲೇ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿಟ್ಟುಕೊಂಡವನಿಗೆ ಆ ಬಿಲ್ಲು ಹಗುರವಾಗುತ್ತದೆ.